ಕಿಟಕಿಯ ಮೇಲಿದ್ದ ಕೀಲಿಕೈ

ಮಕ್ಕಳೇ, ಈ ವಾರ ಕಥೆಯಲ್ಲ, ಒಂದು ಲೆಕ್ಕ. ಕೂಡುವುದು, ಕಳೆಯುವುದು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಆದರೂ 37 ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟ ನನಗೆ ಅದನ್ನು ಬಿಡಿಸಲು ಸುಮಾರು ಒಂದು ತಿಂಗಳು ಹಿಡಿಯಿತು. ಅದರಲ್ಲೂ ಐದನೇ ಕ್ಲಾಸಿನ ನನ್ನ ಮೊಮ್ಮಗಳು ಎರಡು ತಪ್ಪು ಹಿಡಿದಳು.

ನಮ್ಮ ಮನೆ ರಾಮನಗರದಲ್ಲಿ, ರೇಷ್ಮೆ ಗೂಡಿನ ಮಾರುಕಟ್ಟೆಗೆ ನಡೆದು ಹೋಗುವಷ್ಟು ದೂರದಲ್ಲಿ. ಹಿತ್ತಲಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೇನೆ. 2021ರಲ್ಲಿ ಅಲ್ಲಿಗೆ ಒಂದು ಸಂಸಾರ ಬಂತು. ಗಂಡ ನೂಲು ತೆಗೆಯುವ ಘಟಕದಲ್ಲಿ ಕೆಲಸಗಾರ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ಹಿಡಿದು ಎಳೆಯುವ ಕೆಲಸ ಅದು. ಅವನ ಬೆರಳುಗಳು ಸದಾ ನೀರಲ್ಲಿ ನೆನೆದವರ ಬೆರಳಿನ ಹಾಗೆ ಬಿಳಿಚಿಕೊಂಡಿರುತ್ತಿದ್ದವು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಒಬ್ಬಳು ಮಗಳು, ನನ್ನ ಮೊಮ್ಮಗಳ ಕ್ಲಾಸಿನವಳೇ. ಮೊಮ್ಮಗಳ ಅಪ್ಪ ಅಮ್ಮ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಬರುವುದು ರಾತ್ರಿ. ಹಾಗಾಗಿ ಆ ಇಬ್ಬರು ಹುಡುಗಿಯರು ಸಂಜೆಯೆಲ್ಲ ಹಿತ್ತಲಲ್ಲೇ ಇರುತ್ತಿದ್ದರು.

ಬಾಡಿಗೆ ತಿಂಗಳಿಗೆ 4,500 ರೂಪಾಯಿ, ಅಡ್ವಾನ್ಸ್ 30,000. ಕರಾರು ಪತ್ರ ಬರೆಸಿರಲಿಲ್ಲ, ಎಲ್ಲ ಬಾಯಿಮಾತು. ಅಡ್ವಾನ್ಸ್ ತೆಗೆದುಕೊಂಡ ದಿನ ನನ್ನ ಡೈರಿಯಲ್ಲಿ ಒಂದು ಸಾಲು ಬರೆದು ಅವನ ಕೈಲಿ ಸಹಿ ಹಾಕಿಸಿದ್ದೆ, ಅಷ್ಟೇ.

2025ರ ಸಂಕ್ರಾಂತಿಗೆ ಆ ಹುಡುಗಿ ನಮ್ಮ ಮನೆಗೆ ಎಳ್ಳು ಬೀರಲು ಬಂದಿದ್ದಳು. ಅದಾದ ನಾಲ್ಕು ದಿನಕ್ಕೆ, ಜನವರಿ 18ರ ಶನಿವಾರ ರಾತ್ರಿ, ಅವರು ಹೋಗಿಬಿಟ್ಟರು. ಭಾನುವಾರ ಬೆಳಗ್ಗೆ ಹೂ ಕೀಳಲು ಹಿತ್ತಲಿಗೆ ಹೋದ ನನ್ನ ಹೆಂಡತಿ, ‘ರೀ, ಬನ್ನಿ ಇಲ್ಲಿ’ ಎಂದು ಕೂಗಿದಳು. ಬಾಗಿಲಿಗೆ ಬೀಗ ಹಾಕಿತ್ತು. ಕಿಟಕಿಯ ಕಟ್ಟೆಯ ಮೇಲೆ ಕೀಲಿಕೈ ಇತ್ತು. ಅದರ ಕೆಳಗೆ ಚೀಟಿ ಏನಾದರೂ ಇದೆಯೇ ಎಂದು ನೋಡಿದೆ. ಇರಲಿಲ್ಲ. ಅವನ ಫೋನ್ ಸ್ವಿಚ್ ಆಫ್.

ನನಗೆ ಸಿಟ್ಟು ಬಂತು. ಬಾಡಿಗೆಗಿಂತ ಹೆಚ್ಚಾಗಿ ಮಾತಿನ ಮೇಲೆ ಸಿಟ್ಟು. ಮೂರೂವರೆ ವರ್ಷ ಒಂದೇ ಬಾವಿಯ ನೀರು ಕುಡಿದವರು ‘ಮೇಷ್ಟ್ರೇ, ಹೋಗ್ತೀವಿ’ ಅನ್ನಬಾರದೆ? ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, ‘ನಿಮಗೇನು ಸಾರ್, ಅಡ್ವಾನ್ಸ್ ನಿಮ್ಮ ಹತ್ರಾನೇ ಇದೆಯಲ್ಲ. ಹೇಳದೆ ಹೋದೋರ ದುಡ್ಡು ಹೇಳದೆ ಇಟ್ಕೊಳ್ಳಿ’ ಅಂದರು. ಆ ಮಾತು ಕೇಳಲು ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ.

ಸೋಮವಾರ ಸಂಜೆ ಇಬ್ಬರು ಯುವಕರು ಒಂದೇ ಬೈಕಿನಲ್ಲಿ ಬಂದರು. ಸಾಲ ವಸೂಲಿಯವರು. ಹಿತ್ತಲ ಮನೆಯ ಹೆಂಗಸು ಸಂಘದ ಸಾಲ ತೆಗೆದಿದ್ದಳಂತೆ, ವಾರವಾರ ಕಂತು. ಮೂರು ಕಂತು ಬಾಕಿ. ಬೀಗ ನೋಡಿ ಅವರ ಮುಖ ಬದಲಾಯಿತು. ‘ಎಲ್ಲಿಗೆ ಹೋದ್ರು?’ ಎಂದು ನನ್ನನ್ನು ಕೇಳಿದರು, ನನ್ನ ಹೆಂಡತಿಯನ್ನು ಕೇಳಿದರು, ಕೊನೆಗೆ ಮೆಟ್ಟಿಲ ಮೇಲೆ ಕುಳಿತು ಹೋಂವರ್ಕ್ ಮಾಡುತ್ತಿದ್ದ ಮೊಮ್ಮಗಳನ್ನೂ ಕೇಳಿದರು. ಅವಳು ತಲೆ ಎತ್ತದೆ ‘ಗೊತ್ತಿಲ್ಲ’ ಅಂದಳು. ಆಮೇಲೆ ಅವರಲ್ಲೊಬ್ಬ ನನ್ನ ಕಡೆ ತಿರುಗಿ, ‘ಸಾರ್, ಅವರ ಅಡ್ವಾನ್ಸ್ ನಿಮ್ಮಲ್ಲಿದೆಯಲ್ಲ, ಅದರಲ್ಲಿ ನಮ್ಮ ಬಾಕಿ ಕೊಟ್ಟುಬಿಡಿ, ರಸೀದಿ ಕೊಡ್ತೀವಿ’ ಅಂದ. ಬಹಳ ಮರ್ಯಾದೆಯಿಂದಲೇ ಕೇಳಿದ. ಯೋಚನೆ ಮಾಡಿ ಹೇಳುತ್ತೇನೆ ಎಂದು ಕಳಿಸಿದೆ.

ಆ ರಾತ್ರಿ ಮೊಮ್ಮಗಳಿಗೆ ಹೊಟ್ಟೆನೋವು. ಓಂಕಾಳು ಜಗಿಸಿದರೂ ಕಡಿಮೆಯಾಗಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಅಜ್ಜಿಯ ಕಿವಿಯಲ್ಲಿ ಹೇಳಿದಳಂತೆ. ಅವಳಿಗೆ ಎಲ್ಲ ಗೊತ್ತಿತ್ತು. ಶನಿವಾರ ಮಧ್ಯಾಹ್ನವೇ ಗೆಳತಿ ಹೇಳಿದ್ದಳು: ನಾವು ಕನಕಪುರದ ಆಚೆ ನಮ್ಮಜ್ಜಿ ಊರಿಗೆ ಹೋಗ್ತಿದ್ದೀವಿ, ಯಾರಿಗೂ ಹೇಳಬೇಡ, ಹೇಳಿದರೆ ಅಮ್ಮನನ್ನು ಬೈಯೋಕೆ ಅಲ್ಲಿಗೂ ಬರ್ತಾರೆ. ಇವಳು ಕೈಮೇಲೆ ಕೈ ಇಟ್ಟು ಆಣೆ ಮಾಡಿದ್ದಳು.

‘ನನಗೂ ಹೇಳಲಿಲ್ಲವಲ್ಲ’ ಎಂದೆ ಬೆಳಗ್ಗೆ.

‘ನೀವು ಕೇಳಲೇ ಇಲ್ಲ ತಾತ. ಬರೀ ಬೈತಾ ಇದ್ರಿ.’

‘ಗೊತ್ತಿಲ್ಲ’ ಅನ್ನುವ ಬದಲು ‘ಹೇಳುವುದಿಲ್ಲ’ ಅನ್ನಬಹುದಿತ್ತು, ಆಗ ಸುಳ್ಳೂ ಆಗುತ್ತಿರಲಿಲ್ಲ, ಆಣೆಯೂ ಉಳಿಯುತ್ತಿತ್ತು ಎಂದು ನಾನು ಮೇಷ್ಟ್ರ ಬುದ್ಧಿ ಹೇಳಿದೆ. ‘ಬಾಗಿಲಲ್ಲಿ ನಿಂತ ಇಬ್ಬರು ಗಂಡಸರ ಮುಂದೆ ಹತ್ತು ವರ್ಷದ ಮಗು ಹೇಳುವುದಿಲ್ಲ ಅಂತಾಳಾ? ನೀವೇ ಯೋಚನೆ ಮಾಡಿ ಹೇಳ್ತೀನಿ ಅಂದ್ರಿ’ ಎಂದು ಹೆಂಡತಿ ಒಳಗಿನಿಂದ ಹೇಳಿದಳು. ಆ ವಾದ ಇನ್ನೂ ತೀರ್ಮಾನವಾಗಿಲ್ಲ. ನಿಮ್ಮ ಮನೆಯಲ್ಲೂ ನಡೆಸಿ ನೋಡಿ.

ಆ ಜನವರಿ ತಿಂಗಳ ಪತ್ರಿಕೆಗಳಲ್ಲಿ ಇದೇ ಸುದ್ದಿ. ಚಾಮರಾಜನಗರ, ಮೈಸೂರು, ನಮ್ಮ ರಾಮನಗರದ ಕಡೆಯೆಲ್ಲ ಕಿರುಸಾಲದ ಕಂತಿಗೆ ಹೆದರಿ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟವರ ಸುದ್ದಿ. ಓದಿ ಅಯ್ಯೋ ಅನ್ನುತ್ತಿದ್ದ ನಾನು, ನನ್ನ ಹಿತ್ತಲಲ್ಲೇ ಅದು ನಡೆದಾಗ ಮಾತ್ರ ಬಾಡಿಗೆ ಲೆಕ್ಕ ಹಾಕುತ್ತಾ ಕೂತಿದ್ದೆ.

ಆದರೂ ಲೆಕ್ಕ ಹಾಕಲೇಬೇಕಲ್ಲ. ಕನಕಪುರದಲ್ಲಿ ನನ್ನ ಹಳೆಯ ಸಹಪಾಠಿಯೊಬ್ಬನಿದ್ದಾನೆ, ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಅವನಿಗೆ ಫೋನ್ ಮಾಡಿದೆ. ಅವನು ಮೊದಲು ಕೇಳಿದ್ದು ಬಾಡಿಗೆಯ ವಿಷಯವಲ್ಲ. ‘ಕೀಲಿಕೈ ಎಲ್ಲಿತ್ತು?’ ಅಂದ.

ಕೀಲಿಕೈ ಮುಖ್ಯವಂತೆ. ಸಾಮಾನು ಒಯ್ದು ಕೀಲಿಕೈ ಬಿಟ್ಟುಹೋದರೆ, ಬಾಯಲ್ಲಿ ಹೇಳದಿದ್ದರೂ ‘ನಿಮ್ಮ ಮನೆ ನಿಮಗೆ ಒಪ್ಪಿಸಿದ್ದೇವೆ’ ಎಂದ ಹಾಗೆ. ನಾವು ಆ ಕೀಲಿಕೈ ತೆಗೆದುಕೊಂಡು ಬಾಗಿಲು ತೆರೆದರೆ ಒಪ್ಪಿಕೊಂಡ ಹಾಗೆ. ಕೀಲಿಕೈ ಅವರ ಬಳಿಯೇ ಇದ್ದು, ಒಳಗೆ ಸಾಮಾನೂ ಇದ್ದರೆ ಕಥೆಯೇ ಬೇರೆ. ಆಗ ಮನೆ ನಮ್ಮದಾದರೂ ಒಳಗಿರುವ ಹಕ್ಕು ಇನ್ನೂ ಅವರದು. ಸಿಟ್ಟಿನಲ್ಲಿ ಬೀಗ ಒಡೆದರೆ ತಪ್ಪು ನಮ್ಮ ತಲೆಗೆ. ಗೊತ್ತಿರುವ ವಿಳಾಸಕ್ಕೆ ಅಂಚೆಯಲ್ಲಿ ಪತ್ರ ಹಾಕಬೇಕು, ಕಾಯಬೇಕು, ಪೊಲೀಸ್ ಠಾಣೆಗೆ ಒಂದು ಅರ್ಜಿ ಕೊಡಬೇಕು, ವಕೀಲರನ್ನು ಕೇಳಿ ಮುಂದಿನ ಹೆಜ್ಜೆ ಇಡಬೇಕು. ನಮ್ಮ ಪುಣ್ಯ, ಕೀಲಿಕೈ ಕಿಟಕಿಯ ಮೇಲಿತ್ತು. ಆದರೂ ಒಬ್ಬರೇ ಬಾಗಿಲು ತೆರೆಯಬೇಡಿ, ಪಕ್ಕದವರನ್ನು ಕರೆದುಕೊಂಡು ತೆರೆಯಿರಿ, ಉಳಿದ ಸಾಮಾನು ಪಟ್ಟಿ ಮಾಡಿ ಅಂದ.

ಹಾಗೇ ಮಾಡಿದೆವು. ಒಳಗೆ ಗುಡಿಸಿ ಒಪ್ಪ ಮಾಡಿದ್ದರು. ಅಟ್ಟದ ಮೇಲೆ ಒಂದು ಖಾಲಿ ಗ್ಯಾಸ್ ಸಿಲಿಂಡರ್, ಹಿತ್ತಾಳೆ ಬಿಂದಿಗೆ, ಮೂಲೆಯಲ್ಲಿ ಹುಡುಗಿಯ ಶಾಲೆಯ ಚೀಲ. ಚೀಲದಲ್ಲಿ ಪುಸ್ತಕವೆಲ್ಲ ಹಾಗೇ ಇತ್ತು. ಪಕ್ಕದ ಮನೆಯವರು ಸಾಕ್ಷಿ ಹಾಕಿದರು, ಮೊಮ್ಮಗಳು ಫೋಟೋ ತೆಗೆದಳು, ಸಾಮಾನು ನಮ್ಮ ಉಗ್ರಾಣಕ್ಕೆ ಬಂತು. ಬಿಟ್ಟುಹೋದದ್ದು ನಮ್ಮದಾಗುವುದಿಲ್ಲ, ನಮ್ಮ ಸ್ವಂತ ವಸ್ತುವಿನಷ್ಟೇ ಜೋಪಾನ ಮಾಡಬೇಕು ಎನ್ನುವುದು ಸ್ನೇಹಿತ ಹೇಳಿದ ಇನ್ನೊಂದು ಮಾತು.

ಈಗ ಲೆಕ್ಕ. ನಾನು ಸಿಟ್ಟಿನಲ್ಲಿ ಬರೆದ ಮೊದಲ ಲೆಕ್ಕ ಹೀಗಿತ್ತು: ಜನವರಿ ಬಾಡಿಗೆ 4,500. ತಿಳಿಸದೆ ಹೋದದ್ದಕ್ಕೆ ಇನ್ನೊಂದು ತಿಂಗಳು 4,500. ಸುಣ್ಣಬಣ್ಣಕ್ಕೆ 6,000. ಒಡೆದ ಕಿಟಕಿ ಗಾಜಿಗೆ 400. ಒಟ್ಟು 15,400. ಹಿಂತಿರುಗಿಸಬೇಕಾದದ್ದು 14,600. ಅದನ್ನೂ ‘ಕೇಳಿಕೊಂಡು ಬಂದರೆ’ ಎಂದು ಕೆಳಗೆ ಬರೆದಿದ್ದೆ.

ಫೋನಿನಲ್ಲಿ ಓದಿ ಹೇಳಿದಾಗ ಸ್ನೇಹಿತ ನಕ್ಕ. ‘ಒಂದು ತಿಂಗಳ ನೋಟಿಸು ಅಂತ ಎಲ್ಲಿ ಬರೆದಿದ್ದೀಯ?’ ಎಲ್ಲೂ ಬರೆದಿರಲಿಲ್ಲ. ಬರೆಯದೆ ಇದ್ದಾಗ ಏನು ಅನ್ನುವುದನ್ನು ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ. 1882ರ ಕಾಯ್ದೆ, ನಮ್ಮ ಮುತ್ತಾತಂದಿರ ಕಾಲದ್ದು. ಅದರ 106ನೇ ಕಲಮಿನ ಪ್ರಕಾರ ತಿಂಗಳ ಬಾಡಿಗೆಯ ಮನೆಗೆ 15 ದಿನ ಮುಂಚೆ ತಿಳಿಸಿದರೆ ಸಾಕು. ಬಿಡುವವರೂ ಅಷ್ಟೇ, ಬಿಡಿಸುವವರೂ ಅಷ್ಟೇ. ಅಂದರೆ ನಾನೂ ಅವರಿಗೆ ಇಂದು ಹೇಳಿ ನಾಳೆ ಹೊರಗೆ ಹಾಕುವಂತಿರಲಿಲ್ಲ. ಇನ್ನು ಸುಣ್ಣಬಣ್ಣ. ಮೂರೂವರೆ ವರ್ಷ ಮನುಷ್ಯರು ಬದುಕಿದ ಗೋಡೆ ಮಾಸದೆ ಇರುತ್ತದೆಯೇ? ಸಹಜವಾದ ಸವೆತ ಮಾಲೀಕನ ಪಾಲು. ಬೇಕೆಂದು ಕೆಡಿಸಿದ್ದು, ಒಡೆದದ್ದು ಮಾತ್ರ ಬಾಡಿಗೆದಾರನ ಪಾಲು. ಒಲೆಯ ಹೊಗೆಗೆ 6,000 ಕೇಳಿದರೆ ಯಾವ ಕೋರ್ಟೂ ಒಪ್ಪುವುದಿಲ್ಲ ಅಂದ.

ನನಗೆ ಅಷ್ಟು ಸುಲಭವಾಗಿ ಒಪ್ಪಲು ಮನಸ್ಸಿರಲಿಲ್ಲ. ಆಗ ನನ್ನ ಹೆಂಡತಿ, ‘ಮಾಗಡಿಯ ಹನ್ನೊಂದು ರೂಪಾಯಿ ಮರೆತುಹೋಯ್ತಾ?’ ಅಂದಳು.

ಮರೆತಿರಲಿಲ್ಲ. 1978ರಲ್ಲಿ ನನ್ನ ಮೊದಲ ಕೆಲಸ ಮಾಗಡಿಯಲ್ಲಿ. ಒಬ್ಬ ಅಜ್ಜಿಯ ಮನೆಯಲ್ಲಿ ತಿಂಗಳಿಗೆ 22 ರೂಪಾಯಿಯ ಕೋಣೆ. ಎಂಟು ತಿಂಗಳಾದ ಮೇಲೆ ಪಕ್ಕದ ಬೀದಿಯಲ್ಲಿ ಕಿಟಕಿ ದೊಡ್ಡದಿರುವ ಕೋಣೆ ಸಿಕ್ಕಿತು. ಅಜ್ಜಿಗೆ ಹೇಳಲು ಮುಖವಿಲ್ಲದೆ, ಆಕೆ ಸಂತೆಗೆ ಹೋದಾಗ ಟ್ರಂಕು ಹೊತ್ತುಕೊಂಡು ನಡೆದೆ. ಸಾಲವಿರಲಿಲ್ಲ, ಕಷ್ಟವಿರಲಿಲ್ಲ, ಬರೀ ಸಂಕೋಚ. ಮೂರನೇ ದಿನ ಆಕೆ ಶಾಲೆಯ ಗೇಟಿಗೆ ಬಂದಳು. ಕೈಯಲ್ಲಿ ನಾನು ಬಿಟ್ಟುಬಂದ ಕೊಡೆ. ಮಕ್ಕಳೆಲ್ಲ ನೋಡುತ್ತಿದ್ದರು. ಬೈಯುತ್ತಾಳೆ ಎಂದುಕೊಂಡೆ. ‘ಮೇಷ್ಟ್ರೇ, ಹದಿನೈದು ದಿನ ಮುಂಚೆ ಅಂದಿದ್ರೆ ಬೇರೆಯವರನ್ನ ನೋಡ್ಕತಿದ್ದೆ. ಅರ್ಧ ತಿಂಗಳಿಂದು ಕೊಟ್ಬಿಡಿ’ ಅಂದಳು. ಹನ್ನೊಂದು ರೂಪಾಯಿ ಕೊಟ್ಟೆ. ಕೊಡೆ ಕೊಟ್ಟು ಹೋದಳು. ಆಕೆ 106ನೇ ಕಲಮು ಓದಿರಲಿಲ್ಲ. ಕೋಣೆಗೆ ಬೇರೆಯವರನ್ನು ಹುಡುಕಲು ಎಷ್ಟು ದಿನ ಬೇಕು ಅನ್ನುವುದು ಗೊತ್ತಿತ್ತು, ಕಾನೂನು ಬರೆದವರಿಗೂ ಅಷ್ಟೇ ಗೊತ್ತಿದ್ದದ್ದು ಅನಿಸುತ್ತದೆ.

ಎರಡನೇ ಲೆಕ್ಕಕ್ಕೆ ಮೊಮ್ಮಗಳನ್ನು ಕೂರಿಸಿಕೊಂಡೆ. ಜನವರಿ 19ರಿಂದ ಎಣಿಸಿದರೆ 15 ದಿನ ಮುಗಿಯುವುದು ಫೆಬ್ರವರಿ 2ಕ್ಕೆ. ಆದ್ದರಿಂದ ಜನವರಿಯ ಪೂರ್ತಿ ಬಾಡಿಗೆ 4,500, ಫೆಬ್ರವರಿಯ ಎರಡು ದಿನಕ್ಕೆ ದಿನಕ್ಕೆ 150ರಂತೆ 300. ಗಾಜು 400. ಒಟ್ಟು 5,200.

ಅಷ್ಟರಲ್ಲಿ ಆ ಮನೆಗೆ ಹೊಸಬರು ಗೊತ್ತಾಗಿದ್ದರು. ಬಿಡದಿಯ ಕಾರ್ಖಾನೆಗೆ ಹೋಗುವ ಇಬ್ಬರು ಹುಡುಗರು, ಫೆಬ್ರವರಿ 1ರಿಂದ. ಮೊಮ್ಮಗಳು ಪೆನ್ಸಿಲ್ ಕಚ್ಚುತ್ತಾ ಕೇಳಿದಳು: ‘ತಾತ, ಫೆಬ್ರವರಿ ಒಂದು, ಎರಡನೇ ತಾರೀಕು ಆ ಅಣ್ಣಂದಿರೂ ಬಾಡಿಗೆ ಕೊಡ್ತಾರಲ್ವಾ? ಒಂದೇ ದಿನಕ್ಕೆ ಇಬ್ಬರ ಹತ್ರ ತಗೊಳ್ಳೋದಾ?’

ಸ್ನೇಹಿತನಿಗೆ ಇದನ್ನು ಹೇಳಿದೆ. ‘ಸರಿಯಾಗಿ ಹಿಡಿದಳು. ಮನೆ ಖಾಲಿ ಬಿದ್ದು ನಿನಗೆ ಎಷ್ಟು ನಷ್ಟವಾಯಿತೋ ಅಷ್ಟು ಕೇಳುವುದು ನ್ಯಾಯ. ನಷ್ಟ ಕಡಿಮೆ ಮಾಡಿಕೊಳ್ಳಲು ಪ್ರಯತ್ನ ಪಡುವುದೂ ನಿನ್ನ ಕೆಲಸವೇ’ ಅಂದ. 300 ಹೊಡೆದು ಹಾಕಿದೆವು.

ಆಮೇಲೆ ಅವಳು ಇನ್ನೂ ಸಣ್ಣ ದನಿಯಲ್ಲಿ, ‘ಗಾಜು...’ ಅಂದಳು.

‘ಗಾಜಿಗೇನು?’

‘ಅವಳು ಬರೀ ಬಾಲ್ ಹಾಕಿದ್ದು. ಹೊಡೆದಿದ್ದು ನಾನು.’

ಗಾಜಿನ 400ರಲ್ಲಿ ಅರ್ಧ ನಮ್ಮ ಮನೆಗೆ ಬಂತು. ಕೊನೆಗೆ ಕಳೆಯಬೇಕಾದದ್ದು 4,700, ಕೊಡಬೇಕಾದದ್ದು 25,300. ಡೈರಿಯಲ್ಲಿ ಒಂದೊಂದು ಸಾಲಾಗಿ ಬರೆದು ಹಣವನ್ನು ಬೇರೆ ಲಕೋಟೆಯಲ್ಲಿ ಇಟ್ಟೆ.

ವಸೂಲಿ ಹುಡುಗರು ಮತ್ತೆ ಬಂದಾಗ ನನ್ನ ಉತ್ತರ ತಯಾರಿತ್ತು. ಅಡ್ವಾನ್ಸ್ ಅಂತ ನಾವು ಕರೆದರೂ ಅದು ಠೇವಣಿ. ನನ್ನ ಬಾಕಿ ಮುರಿದುಕೊಂಡ ಮೇಲೆ ಉಳಿದದ್ದು ಅವರದು. ಇನ್ನೊಬ್ಬರ ಹಣವನ್ನು ಮೂರನೆಯವರಿಗೆ ಕೊಡಲು ನಾನು ಯಾರು? ಕೋರ್ಟಿನ ಆದೇಶ ತನ್ನಿ, ಕೊಡುತ್ತೇನೆ ಎಂದೆ. ಅವರು ಗೊಣಗಿಕೊಂಡು ಹೋದರು. ಅವರೂ ಸಂಬಳದ ಹುಡುಗರೇ, ಗುರಿ ಮುಟ್ಟದಿದ್ದರೆ ಅವರಿಗೂ ಬೈಗುಳ. ಫೆಬ್ರವರಿ 12ರಂದು ಸರ್ಕಾರದ ಸುಗ್ರೀವಾಜ್ಞೆ ಬಂತು. ಕಿರುಸಾಲ ವಸೂಲಿಗೆ ಬಲವಂತ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಆಮೇಲೆ ಆ ಬೈಕು ನಮ್ಮ ಬೀದಿಯಲ್ಲಿ ಕಾಣಲಿಲ್ಲ.

ಹಣವನ್ನು ತಲುಪಿಸುವುದು ಹೇಗೆ? ಅಜ್ಜಿ ಊರು ಎಂದರೆ ಊರಿನ ಹೆಸರೇನು ಎಂದು ಮೊಮ್ಮಗಳಿಗೂ ಗೊತ್ತಿರಲಿಲ್ಲ. ‘ಕಾಯಿರಿ, ವರ್ಗಾವಣೆ ಪತ್ರಕ್ಕೆ ಶಾಲೆಗೆ ಬಂದೇ ಬರ್ತಾರೆ’ ಎಂದು ಹೆಂಡತಿ ಹೇಳಿದಳು. ನನಗೆ ಹೊಳೆಯಬೇಕಿತ್ತು, ಎಷ್ಟು ಟಿ.ಸಿ. ಬರೆದ ಕೈ ಇದು! ಇಲ್ಲೊಂದು ಮಾತು, ಊರು ಬಿಡುವ ಅಪ್ಪ ಅಮ್ಮಂದಿರಿಗೆ ಗೊತ್ತಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಟಿ.ಸಿ. ಬರುವುದು ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ಸೇರಿಸದೆ ಇರುವಂತಿಲ್ಲ.

ಫೆಬ್ರವರಿ ಮೂರನೇ ವಾರ ಒಂದು ಮಧ್ಯಾಹ್ನ ಆಕೆ ಬಂದಳು. ಊಟದ ಬಿಡುವಿನಲ್ಲಿ ನೋಡಿದ ಮೊಮ್ಮಗಳು ಕೈಹಿಡಿದು ಎಳೆದುಕೊಂಡೇ ಮನೆಗೆ ಕರೆತಂದಳು. ಗೇಟಿನ ಹೊರಗೇ ನಿಂತು ಸೆರಗನ್ನು ಬಾಯಿಗೆ ಹಿಡಿದಿದ್ದಳು. ‘ತಪ್ಪಾಯ್ತು ಮೇಷ್ಟ್ರೇ. ನಿಮಗೆ ಹೇಳಿದ್ರೆ, ಅವರು ಬಂದು ಕೇಳಿದಾಗ ನೀವು ಸುಳ್ಳು ಹೇಳೋ ಜನ ಅಲ್ಲ’ ಅಂದಳು. ಏನು ಹೇಳಲಿ ಇದಕ್ಕೆ? ‘ಸಾಲ ಇಲ್ಲ ಅನ್ನಲ್ಲ, ತೀರಿಸ್ತೀವಿ. ಗೂಡಿನ ರೇಟು ಏರಿ ಘಟಕ ನಿಲ್ಲಿಸಿಬಿಟ್ರು, ಇವರಿಗೆ ವಾರಗಟ್ಟಲೆ ಕೂಲಿ ಇಲ್ಲ. ರಾತ್ರಿ ಬಂದು ಬಾಗಿಲ ಮುಂದೆ ಕೂತ್ರೆ ಎಲ್ಲಿಂದ ತರೋದು?’

ನನ್ನ ಹೆಂಡತಿ ಒಳಗೆ ಕರೆದು ಊಟಕ್ಕಿಟ್ಟಳು. ನಾನು ಡೈರಿ ತಂದೆ. ಅಡ್ವಾನ್ಸ್ ಹೋಯಿತೆಂದೇ ಆಕೆ ತಿಳಿದಿದ್ದಳು. ಲಕೋಟೆ ನೋಡಿ ಮುಟ್ಟಲಿಲ್ಲ. ಎಣಿಸಿ ಸಹಿ ಹಾಕಬೇಕು, ಇದು ಉಪಕಾರವಲ್ಲ, ಲೆಕ್ಕ ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು. ಒಂದು ಬಾಕಿ ಆಕೆಯಿಂದಲೂ ಇತ್ತು. ಗೃಹಜ್ಯೋತಿಗಾಗಿ ಅವರ ಆಧಾರ್ ನಮ್ಮ ಹಿತ್ತಲ ಮೀಟರಿಗೆ ಜೋಡಣೆಯಾಗಿತ್ತು. ಅದನ್ನು ಬಿಡಿಸದೆ ಹೊಸ ಹುಡುಗರಿಗೆ ಸೌಲಭ್ಯವಿಲ್ಲ, ಇವರಿಗೂ ಮುಂದೆ ಬೇರೆ ಮನೆ ಮಾಡಿದಾಗ ತೊಂದರೆ. ಆಕೆಯ ಫೋನಿಗೆ ಬಂದ ಅಂಕೆಗಳನ್ನು ಮೊಮ್ಮಗಳು ಜೋರಾಗಿ ಓದಿದಳು, ನಾನು ಒತ್ತಿದೆ, ಜೋಡಣೆ ಬಿಟ್ಟಿತು.

ಹೊಸ ಹುಡುಗರ ಹತ್ತಿರ ಈ ಸಲ ಕರಾರು ಬರೆಸಿದ್ದೇನೆ. ಎರಡೂ ಕಡೆಯವರು ಒಂದು ತಿಂಗಳು ಮುಂಚೆ ಬರಹದಲ್ಲಿ ತಿಳಿಸಬೇಕು ಅಂತ. ಹನ್ನೊಂದು ತಿಂಗಳಿಗೇ ಯಾಕೆ ಬರೆಯುತ್ತಾರೆ ಎಂದು ಮೊಮ್ಮಗಳು ಕೇಳಿದಳು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು, ಆ ಖರ್ಚು ತಪ್ಪಿಸಲು. ಇನ್ನೊಂದು ಬದಲಾವಣೆಯೂ ಆಯಿತು. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎಂದಿದೆ ಅಂತ ಸ್ನೇಹಿತ ಹೇಳಿದ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ, ಕಟ್ಟಳೆಯಲ್ಲ. ಆದರೂ 4,500ರ ಮನೆಗೆ 30,000 ತೆಗೆದುಕೊಂಡಿದ್ದು ನೆನೆದು ನಾಚಿಕೆಯಾಯಿತು. ಹುಡುಗರಿಗೆ 9,000 ಸಾಕು ಎಂದೆ. ಹೆಂಡತಿ ಏನೂ ಹೇಳಲಿಲ್ಲ, ನಕ್ಕಳು.

ಆಕೆ ಲೆಕ್ಕದ ಹಾಳೆಯನ್ನು ಬೆರಳಿಟ್ಟು ಓದುತ್ತಾ ಬಂದು ಗಾಜಿನ ಹತ್ತಿರ ನಿಂತಳು. ‘ಗಾಜು ಒಡೆದಿದ್ದು ನಮ್ಮವಳಲ್ವಾ? ಅರ್ಧ ಯಾಕೆ ಬರೆದಿದ್ದೀರ?’ ನಾನು ಬಾಗಿಲ ಮರೆಯ ಕಡೆ ತೋರಿಸಿದೆ. ಮರೆಯಿಂದ ಎರಡು ಜಡೆ ಕಾಣುತ್ತಿದ್ದವು. ಅಷ್ಟು ಹೊತ್ತಿನಲ್ಲಿ ಆಕೆ ಮೊದಲ ಸಲ ನಕ್ಕದ್ದು ಆಗಲೇ.

ಬಿಂದಿಗೆಯನ್ನು ಆಕೆ ಸೊಂಟಕ್ಕೆ ಇಟ್ಟುಕೊಂಡಳು, ಸಿಲಿಂಡರ್ ಗಂಡ ಬಂದು ಒಯ್ಯುತ್ತಾನೆ ಎಂದಳು. ಶಾಲೆಯ ಚೀಲವನ್ನು ಮೊಮ್ಮಗಳೇ ಬೆನ್ನಿಗೆ ಹಾಕಿಕೊಂಡು ಬಸ್ ನಿಲ್ದಾಣದವರೆಗೆ ಬಂದಳು. ಕನಕಪುರದ ಬಸ್ಸು ಹೊರಡುವಾಗ ಕಿಟಕಿಯಿಂದ ಚೀಲ ಒಳಗೆ ತೂರಿಸಿ, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಕೂಗಿದಳು:

‘ಆಂಟಿ, ಅವಳ ಬ್ಯಾಟಿಂಗ್ ಇನ್ನೂ ಬಾಕಿ ಇದೆ ಅಂತ ಹೇಳಿ!’